ಮಗಳು ಸೊರೊರಿಟಿ ಸೇರಬಹುದೇ?

ಪ್ರಶ್ನೆ: ಮಗಳು ಟೆಕ್ಸಾಸ್‌ನಲ್ಲಿ ಮೊದಲ ವರ್ಷದ ಡಿಗ್ರಿ ಓದುತ್ತಿದ್ದಾಳೆ. ಸೊರೊರಿಟಿ (ಕಾಲೇಜು ಹುಡುಗಿಯರ ಸಂಘ) ಸೇರುತ್ತೇನೆ ಎನ್ನುತ್ತಾಳೆ. ಸಿನಿಮಾಗಳಲ್ಲಿ ನೋಡಿದರೆ ಬರೀ ಕುಡಿತ, ಕುಣಿತ. ಬೇಡ ಎನ್ನಲೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಏಕಾಏಕಿ ಬೇಡ ಎನ್ನಬೇಡಿ. ಈ ಸಂಘಗಳೆಲ್ಲ ಒಂದೇ ಅಚ್ಚಿನವಲ್ಲ. ಕಮಲಾ ಹ್ಯಾರಿಸ್ ಸದಸ್ಯೆಯಾಗಿರುವ ಆಲ್ಫಾ ಕಪ್ಪಾ ಆಲ್ಫಾವನ್ನು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಕಟ್ಟಿದರು. ದಕ್ಷಿಣ ಏಷ್ಯಾ ಮೂಲದ ಹುಡುಗಿಯರದೇ ಆದ ಡೆಲ್ಟಾ ಫೈ ಒಮೆಗಾ 1998ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾಯಿತು. ಹಳೆಯ ಸೊರೊರಿಟಿಗಳ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯಕ್ಕೆ ಅವಕಾಶವಿಲ್ಲ. ಪಾರ್ಟಿಗಳ ಗದ್ದಲ ಹೆಚ್ಚಾಗಿ ಹುಡುಗರ ಫ್ರಟರ್ನಿಟಿಗಳಲ್ಲಿ.

ಲಾಭವೂ ಇದೆ. ಯಾವ ಪ್ರೊಫೆಸರ್ ಹೇಗೆ, ಇಂಟರ್ನ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು ಎಂದು ಹೇಳಿಕೊಡುವ ಅಕ್ಕಂದಿರು ಸಿಗುತ್ತಾರೆ. ಜ್ವರ ಬಂದ ರಾತ್ರಿ ಬಾಗಿಲು ತಟ್ಟಲು ಒಂದು ಮನೆಯಿರುತ್ತದೆ. ಅಂಕ ತೀರಾ ಕುಸಿದರೆ ಸದಸ್ಯತ್ವಕ್ಕೇ ಕುತ್ತು ಬರುವುದರಿಂದ ಓದಿಗೂ ಒತ್ತಾಸೆ ಸಿಗುತ್ತದೆ.

ಆದರೆ ಭಯಪಡಬೇಕಾದದ್ದು ಹೇಜಿಂಗ್‌ಗೆ, ಅಂದರೆ ಹೊಸಬರ ಮೇಲಿನ ರ‍್ಯಾಗಿಂಗ್‌ಗೆ. ಇದರಿಂದ ಪ್ರಾಣ ಹೋದದ್ದೂ ಉಂಟು. 2024ರ ಕೊನೆಯಲ್ಲಿ ಬಂದ ಫೆಡರಲ್ ಕಾನೂನಿನಂತೆ, ತಪ್ಪಿತಸ್ಥ ಸಂಘಗಳ ವಿವರವನ್ನು ಕಾಲೇಜುಗಳು ವೆಬ್‌ಸೈಟ್‌ನಲ್ಲಿ ಪ್ರಕಟಿಸಬೇಕು. ಆ ವರದಿಯನ್ನು ಮಗಳ ಜೊತೆ ಕೂತು ಓದಿ.

ಸೆಮಿಸ್ಟರ್ ಶುಲ್ಕದ ಜೊತೆಗೆ ಬಟ್ಟೆ, ಉಡುಗೊರೆ, ಸಮಾರಂಭಗಳ ಖರ್ಚೆಷ್ಟು, ವಾರಕ್ಕೆ ಎಷ್ಟು ಗಂಟೆ ಕೊಡಬೇಕು ಎಂದು ಈಗಿನ ಸದಸ್ಯೆಯರನ್ನು ಅವಳೇ ವಿಚಾರಿಸಲಿ. ನಡೆದದ್ದನ್ನು ಗುಟ್ಟಾಗಿಡು ಎಂದು ಯಾರಾದರೂ ಒತ್ತಾಯಿಸಿದರೆ ತಕ್ಷಣ ಹೊರಬಂದು ನಿಮಗೆ ಫೋನ್ ಮಾಡಲಿ; ಬೈಗುಳ ಬೀಳುವುದಿಲ್ಲ ಎಂಬ ಭರವಸೆಯನ್ನು ಇವತ್ತೇ ಕೊಡಿ.