ಶೆಡ್ಡಿನಲ್ಲಿ ನಿಂತ ಫಿಯೆಟ್

ಸೇನೆಯಿಂದ ನಿವೃತ್ತರಾಗಿ ಬಂದು, ಈಗ ಮಡದಿಯನ್ನೂ ಕಳೆದುಕೊಂಡಿರುವ ಹಿರಿಯರಿಗೆ ಈ ಮಾತು. ಇಬ್ಬರೂ ಓಡಾಡಿದ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ ಕಾರು, ಶೆಡ್ಡಿನಲ್ಲಿ ದೂಳು ಹಿಡಿದಿದ್ದರೆ ಗುಜರಿಗೆ ಕೊಡಲು ಅವಸರ ಮಾಡಬೇಡಿ. ರಿಪೇರಿಗೆ ಎತ್ತಿಕೊಳ್ಳಿ. ದುಃಖ ಮನುಷ್ಯನನ್ನು ಸುಮ್ಮನೆ ಕೂರಿಸಿಬಿಡುತ್ತದೆ. 1089 ಸಿಸಿಯ ಆ ಸರಳ ಎಂಜಿನ್, ಕಂಪ್ಯೂಟರಿನ ಗೊಡವೆಯಿಲ್ಲದ್ದು, ಕೈಗೆ ಕೆಲಸ ಕೊಡುತ್ತದೆ.

ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿ. ಕಾರ್ಬುರೇಟರ್ ಬಿಚ್ಚುವಾಗ ಹಂತ ಹಂತಕ್ಕೂ ಫೋಟೊ ತೆಗೆಯಿರಿ. ದುಃಖದಲ್ಲಿ ಮರೆವು ಹೆಚ್ಚು. ಬರೀ ಜ್ಯಾಕ್ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ರಾತ್ರಿ ನಿದ್ದೆ ಬಾರದಿದ್ದರೆ ಮರುದಿನ ವೆಲ್ಡಿಂಗ್ ಬೇಡ.

ಸೀಟಿನ ಸಂದಿಯಲ್ಲಿ ಮಡದಿಯ ಹೇರ್‌ಪಿನ್ ಸಿಕ್ಕೀತು. ಆಗ ಸ್ಪ್ಯಾನರ್ ಕೆಳಗಿಟ್ಟು ಅತ್ತುಬಿಡಿ. ಜೊತೆಗಾರರ ಸಾವನ್ನೂ ನುಂಗಿಕೊಂಡು ಡ್ಯೂಟಿಗೆ ಹೊರಟವರು ನೀವು. ಈಗಲೂ ನುಂಗಿಕೊಳ್ಳಿ ಎಂದು ಯಾರೂ ಆಜ್ಞೆ ಮಾಡಿಲ್ಲ.

ಒಬ್ಬರೇ ಮಾಡಬೇಡಿ, ಇದು ನನ್ನ ದೊಡ್ಡ ಒತ್ತಾಯ. ಇಗ್ನಿಷನ್ ಪಾಯಿಂಟ್ ಸೆಟ್ ಮಾಡಬಲ್ಲ ಹಳೇ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ, ಹುಡುಕಿ. ಮೊಮ್ಮಕ್ಕಳಿಗೆ ಸ್ಟೀರಿಂಗ್ ಪಕ್ಕದ ಗೇರ್ ತೋರಿಸಿ. ಅಜ್ಜಿಯ ಮಾತು ತಾನಾಗಿ ಬರುತ್ತದೆ. ಆರ್‌ಸಿ, ಆರ್‌ಟಿಒ ಚಿಂತೆ ಆಮೇಲಿರಲಿ.

ಆದರೆ ಕುಡಿಯದೆ ನಿದ್ದೆ ಬಾರದಂತಾಗಿದ್ದರೆ, ಬದುಕೇ ಬೇಡವೆನಿಸಿದರೆ, ಕಾರು ಸಾಲದು. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.