ಬಣ್ಣ ಹೋಗಲಿ, ಜೆಲ್‌ಕೋಟ್ ಉಳಿಯಲಿ

ಹಳೆಯ ಡಾಲ್ಫಿನ್ ಕಾರೊಂದನ್ನು ಕೊಂಡಿದ್ದೀಯ ಎಂದು ತಿಳಿದು ಸಂತೋಷವಾಯಿತು, ತಮ್ಮಾ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ರಸ್ತೆಗಿಳಿಸಿದ ಕಾರದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅದಕ್ಕೆ ಮೂಲ. 848 ಸಿಸಿ ಎಂಜಿನ್, ಉಕ್ಕಿನ ಚಾಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಜನ ಅತ್ತ ವಾಲಿದರು. ಈಗ ಡಾಲ್ಫಿನ್ ಕಣ್ಣಿಗೆ ಬೀಳುವುದೇ ಅಪರೂಪ. ಅದಕ್ಕೇ ಹಳೆಯ ಬಣ್ಣಕ್ಕೆ ಕೈ ಹಚ್ಚುವ ಮೊದಲು ನಾಲ್ಕು ಮಾತು ಕೇಳು.

ತಗಡಿನ ಕಾರಿಗೆ ಮಾಡುವುದನ್ನು ಇದಕ್ಕೆ ಮಾಡಬೇಡ. ತಗಡಿಗೆ ಪೇಂಟ್ ರಿಮೂವರ್ ಬಳಿದರೆ ಬಣ್ಣ ಮಾತ್ರ ಏಳುತ್ತದೆ, ಲೋಹಕ್ಕೇನೂ ಆಗುವುದಿಲ್ಲ. ಫೈಬರ್‌ಗ್ಲಾಸ್ ಎಂದರೆ ಗಾಜಿನ ಎಳೆಗಳನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಗಟ್ಟಿ ಮಾಡಿದ ಪದರ. ಅದರ ಮೇಲೆ ಅರ್ಧ ಮಿಲಿಮೀಟರ್ ಆಸುಪಾಸಿನ ಜೆಲ್‌ಕೋಟ್ ಇರುತ್ತದೆ; ಅದೇ ಈ ಕಾರಿನ ಚರ್ಮ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ಗೆ ಬಣ್ಣವೂ ಒಂದೇ, ರೆಸಿನ್ನೂ ಒಂದೇ. ಒಳಗೆ ಇಂಗಿದ್ದು ಹೊಸ ಬಣ್ಣ ಹೊಡೆದ ಮೇಲೆ ಗುಳ್ಳೆಯಾಗಿ ಏಳುತ್ತದೆ. ಹೀಟ್ ಗನ್ ರೆಸಿನ್ನನ್ನು ಮೆತ್ತಗಾಗಿಸುತ್ತದೆ. ಮರಳು ಹೊಡೆಸಿದರಂತೂ ಜೆಲ್‌ಕೋಟ್ ಹಾರಿ ಎಳೆ ಹೊರಬರುತ್ತದೆ.

ಉಳಿದಿರುವುದು ಕೈಕೆಲಸ. ಅಗಲವಾದ ಬ್ಲೇಡಿನ ಎರಡೂ ಮೂಲೆಗಳನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊ, ಇಲ್ಲದಿದ್ದರೆ ಗೀರು ಬೀಳುತ್ತದೆ. ಬ್ಲೇಡನ್ನು ಬಾಡಿಗೆ ಹೆಚ್ಚುಕಡಿಮೆ ಒರಗಿಸಿ ಹಿಡಿದು ಮೆಲ್ಲಗೆ ತಳ್ಳು. ದಪ್ಪ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಆಮೇಲೆ 180, 240, 320 ನಂಬರಿನ ಉಜ್ಜುಕಾಗದವನ್ನು ಮರದ ತುಂಡಿಗೆ ಸುತ್ತಿ ನೀರು ಹಾಕದೆಯೇ ಉಜ್ಜು. ಅಂಚು, ಏಣುಗಳ ಮೇಲೆ ಉಜ್ಜುವ ಮೆಷಿನ್ ಇಡಬೇಡ. ಅಲ್ಲಿ ಕ್ಷಣದಲ್ಲಿ ಜೆಲ್‌ಕೋಟ್ ಸವೆದುಹೋಗುತ್ತದೆ.

ಮೊದಲು ಬಾಗಿಲಿನ ಕೆಳಭಾಗದಲ್ಲಿ ರೂಪಾಯಿಯಗಲ ಜಾಗ ಉಜ್ಜಿ ನೋಡು. ಮೇಲಿನ ಬಣ್ಣ, ಪ್ರೈಮರ್, ಅದರಡಿ ಹಿಂದೆಂದೋ ಹೊಡೆಸಿದ ಇನ್ನೊಂದು ಬಣ್ಣ, ಮತ್ತೆ ಪ್ರೈಮರ್, ಹೀಗೆ ಒಂದರೊಳಗೊಂದು ಬಳೆಗಳು ಕಾಣುತ್ತವೆ. ನಡುವೆ ಒಂದೇ ಬಣ್ಣದ, ನುಣುಪಾದ, ಗಟ್ಟಿ ಪದರ ಬಂತೋ, ಅದೇ ಜೆಲ್‌ಕೋಟ್. ಅಲ್ಲಿಗೆ ಕೈ ನಿಲ್ಲಬೇಕು. ನೂಲಿನಂಥ ಎಳೆ ಕಂಡರೆ ದಾಟಿಬಿಟ್ಟೆ ಎಂದೇ ಅರ್ಥ. ಭದ್ರವಾಗಿ ಕಚ್ಚಿಕೊಂಡ ಹಳೆಯ ಪ್ರೈಮರ್ ಅಲ್ಲಲ್ಲಿ ಉಳಿದರೆ ಉಳಿಯಲಿ, ಹಟ ಬೇಡ.

ಬಣ್ಣ ಹೋದ ಮೇಲೆ ಹಿಡಿಕೆ, ಕೀಲುಗಳ ಸುತ್ತ ನಕ್ಷತ್ರದಂಥ ಸಣ್ಣ ಬಿರುಕು ಕಾಣಬಹುದು. ಬರೀ ಪುಟ್ಟಿ ಮೆತ್ತಿ ಮುಚ್ಚಿದರೆ ಬಿರುಕು ಮತ್ತೆ ಮೇಲೆ ಬರುತ್ತದೆ. ಬುಡದವರೆಗೆ ಬಿಡಿಸಿ, ರೆಸಿನ್ ಮತ್ತು ತೆಳು ಗ್ಲಾಸ್ ಟಿಶ್ಯೂ ತುಂಬು. ಹಿಂಬದಿಯೂ ಸೀಳಿದ್ದರೆ ಒಳಗಿನಿಂದ ಗ್ಲಾಸ್ ಮ್ಯಾಟ್ ಹಾಕಿ ಬಲಪಡಿಸು. ರೆಸಿನ್ನಿಗೆ ಬೆರೆಸುವ ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕದೆ ಮುಟ್ಟಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಗಾಜಿನ ಧೂಳು ಬೇರೆ. ಒಳ್ಳೆಯ ಮಾಸ್ಕ್, ತುಂಬುತೋಳಿನ ಅಂಗಿ ಬಿಡಬೇಡ. ತುರಿಕೆಯಾದರೆ ತಣ್ಣೀರಿನಲ್ಲಿ ತೊಳೆ. ಆ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಬೇಡ. ಎಳೆ ಹೊರಬಿದ್ದ ಜಾಗ ನೀರು ಹೀರುತ್ತದೆ. ಬಣ್ಣ ಹೊಡೆದ ಮೇಲೆ ಬಿಸಿಲು ತಾಗಿದಾಗ ಅದೇ ಗುಳ್ಳೆ. ಬೇಸಿಗೆಯಲ್ಲಿ ಶುರು ಮಾಡು, ಚೆನ್ನಾಗಿ ಒಣಗಲು ಬಿಡು, ಮಳೆಗೆ ಮುಂಚೆ ಎಪಾಕ್ಸಿ ಪ್ರೈಮರ್ ಹೊಡೆಸಿ ಮುಚ್ಚು.

ಡಬ್ಬಿ ರಿಮೂವರ್ ಸುರಿದು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಅವರ ಕೈಗೆ ಕಾರು ಕೊಡಬೇಡ. ಬಣ್ಣ ಸರಿಹೋಗದಿದ್ದರೆ ಇನ್ನೊಮ್ಮೆ ಹೊಡೆಸಬಹುದು. ಅಚ್ಚಿನಿಂದ ಬಂದ ಆ ಅರ್ಧ ಮಿಲಿಮೀಟರನ್ನು ಮಾತ್ರ ಯಾವ ಅಂಗಡಿಯಿಂದಲೂ ತರಲಾಗದು.