ಕೊಕ್ಕೊ ಬೀಜವೇ ಹಣವಾಗಿದ್ದ ನಾಡು

ನಮ್ಮ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುವ ಕೊಕ್ಕೊ ಗಿಡದ ತವರು ಅಮೆರಿಕ ಖಂಡ. ದಕ್ಷಿಣ ಅಮೆರಿಕದ ಎಕ್ವಡಾರಿನಲ್ಲಿ ದೊರೆತ, ಸುಮಾರು 5,300 ವರ್ಷ ಹಳೆಯ ಮಡಕೆಗಳಲ್ಲಿ ಇದರ ಅಂಶ ಪತ್ತೆಯಾಗಿದೆ. ಮಧ್ಯ ಅಮೆರಿಕದ ಮಾಯಾ ಜನರು ಬೀಜವನ್ನು ಹುರಿದು ಅರೆದು, ನೀರಿನಲ್ಲಿ ಕದಡಿ, ನೊರೆ ಬರಿಸಿ ಕುಡಿಯುತ್ತಿದ್ದರು. ಸಕ್ಕರೆಯನ್ನು ಅವರು ಕಂಡವರಲ್ಲ, ಮೆಣಸಿನಕಾಯಿ ಬೆರೆಸುವುದುಂಟು. ಗ್ವಾಟೆಮಾಲಾದ ರಿಯೋ ಅಜುಲಿನ ಸಮಾಧಿಯೊಂದರಲ್ಲಿ 1984ರಲ್ಲಿ ಸಿಕ್ಕಿದ ಮಡಕೆಯ ಮೇಲೆ ‘ಕಕಾವ್’ ಎಂದೇ ಬರೆದಿತ್ತು. ನಮ್ಮ ‘ಕೊಕ್ಕೊ’ ಆ ಮಾತಿನ ಮೊಮ್ಮಗು.

ಬೆಳೆಗಾರರಾದ ನಾವು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಲ್ಲಿನ ಸಂತೆಗಳಲ್ಲಿ ಈ ಬೀಜವೇ ಚಿಲ್ಲರೆ ಹಣ. ಅಜ್ಟೆಕರ ರಾಜಧಾನಿ, ಅಂದರೆ ಇಂದಿನ ಮೆಕ್ಸಿಕೊ ನಗರವಿರುವ ಜಾಗ, ಸಮುದ್ರಮಟ್ಟಕ್ಕಿಂತ 2,200 ಮೀಟರಿಗೂ ಎತ್ತರ. ಆ ಚಳಿಗೆ ಕೊಕ್ಕೊ ಬಾರದು. ಆದ್ದರಿಂದ ಬೆಳೆಯುವ ಸೀಮೆಯನ್ನೇ ಗೆದ್ದುಕೊಂಡರು. ಅಹುಯಿಟ್ಸೋಟ್ಲ್ ದೊರೆಯ ಕಾಲದಲ್ಲಿ (1486–1502) ಪೆಸಿಫಿಕ್ ತೀರದ ಶೊಕೊನೊಚ್ಕೊ ಅವರ ವಶವಾಯಿತು. ಕಪ್ಪದ ಪಟ್ಟಿಯಲ್ಲಿ ಆ ಸೀಮೆಯ ಲೆಕ್ಕಕ್ಕೆ 200 ಹೊರೆ ಬೀಜ ಎಂದಿದೆ. ಹೊರೆಗೆ 24,000 ಬೀಜದಂತೆ ಒಟ್ಟು 48 ಲಕ್ಷ! ಕಾಯಿಗೆ 40 ಬೀಜ ಹಿಡಿದರೂ 1,20,000 ಕಾಯಿ ಒಡೆಯಬೇಕು. ಎತ್ತು, ಕುದುರೆ, ಗಾಡಿ ಯಾವುದೂ ಇಲ್ಲದ ನಾಡು. ಅಷ್ಟನ್ನೂ ಮನುಷ್ಯರೇ ಬೆನ್ನಮೇಲೆ ಹೊತ್ತು ಬೆಟ್ಟ ಹತ್ತಿದರು. ಬೆಳೆದವನಿಗೆ ಎಷ್ಟು ಉಳಿಯಿತೆಂಬುದು ಪಟ್ಟಿಯಲ್ಲಿಲ್ಲ.

ಹಣವೆಂದ ಮೇಲೆ ಖೋಟಾ ಬಾರದಿರುತ್ತದೆಯೇ? 16ನೆಯ ಶತಮಾನದ ಪಾದ್ರಿ ಸಹಗೂನ್ ಅಲ್ಲಿನವರಿಂದ ಕೇಳಿ ಬರೆಸಿದ ಗ್ರಂಥದಲ್ಲಿ ಮೋಸಗಾರ ವ್ಯಾಪಾರಿಯ ವರ್ಣನೆಯಿದೆ: ಅವನು ಮೇಣ, ದಂಟಿನ ಬೀಜದ ಕಣಕ, ಬೆಣ್ಣೆಹಣ್ಣಿನ ಗೊರಟು ಇವುಗಳಿಂದ ಕಳ್ಳಬೀಜ ಮಾಡಿ ಒಳ್ಳೆಯದರ ಜೊತೆ ಬೆರೆಸಿ ದಾಟಿಸುತ್ತಿದ್ದನಂತೆ.